ಮನೆಗೆ ಬೆನ್ನು ಮಾಡಿ ನಿಂತ ಲಾರಿ

ಅದೊಂದು ವರ್ಷದ ಮಾಗಿ ಚಳಿಯಲ್ಲಿ ನಮ್ಮ ಮನೆಯ ಮೊದಲ ಹಂಡೆ ಬಿಸಿನೀರು ಯಾರಿಗೆ ಹೋಗುತ್ತಿತ್ತು ಎಂದು ನೆನೆದರೆ ಈ ವಯಸ್ಸಿನಲ್ಲೂ ನನಗೆ ಮೈ ಉರಿಯುತ್ತದೆ. ಅಜ್ಜಿಗಲ್ಲ, ಶಾಲೆಗೆ ಹೋಗುವ ನನಗಲ್ಲ, ಹಸುಗೂಸನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದ ಬಾಣಂತಿ ಅಕ್ಕನಿಗೂ ಅಲ್ಲ. ಲಾರಿಗೆ. ಅಮ್ಮ ಕೋಳಿ ಕೂಗುವ ಮುಂಚೆ ಎದ್ದು, ಒಲೆಗೆ ತೆಂಗಿನ ಮಟ್ಟೆ ಒಟ್ಟಿ, ಚಿಪ್ಪು ತುರುಕಿ, ಹೊಗೆಗೆ ಕಣ್ಣು ಕೆಂಪಗೆ ಮಾಡಿಕೊಂಡು ಕಾಯಿಸಿದ ನೀರನ್ನು ಅಪ್ಪ ಬಿಂದಿಗೆಯಲ್ಲಿ ತೋಡಿಕೊಂಡು ಹೋಗಿ ಕಬ್ಬಿಣದ ಇಂಜಿನ್ನಿನ ಮೇಲೆ ಹುಯ್ಯುತ್ತಿದ್ದ. ಅದು ಕುಡಿದು ಮಿಕ್ಕಿದ್ದು ಮನುಷ್ಯರಿಗೆ. ಈ ಮಾತನ್ನು ಎಲ್ಲಾದರೂ ಮದುವೆ ಮನೆಯಲ್ಲಿ ತೆಗೆದರೆ ನಮ್ಮ ಕಡೆಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಅವತ್ತಿನ ಆ ಹಸುಗೂಸು ಈಗ ತನ್ನ ಕಾರನ್ನು ತಾನೇ ಓಡಿಸಿಕೊಂಡು ಬರುವ ಹೆಂಗಸು, ಅವಳೂ ನಗುತ್ತಾಳೆ. ನನಗೆ ನಗು ಬರುವುದಿಲ್ಲ.

ನಮ್ಮ ಮನೆ ಇದ್ದದ್ದು ತುರುವೇಕೆರೆಯಿಂದ ತಿಪಟೂರಿಗೆ ಹೋಗುವ ರಸ್ತೆಯ ಪಕ್ಕದಲ್ಲಿ. ರಸ್ತೆ ಎತ್ತರದಲ್ಲಿ, ಮನೆ ತಗ್ಗಿನಲ್ಲಿ. ನಡುವೆ ಇಳಿಜಾರಾದ ದೊಡ್ಡ ಅಂಗಳ. ಮಳೆ ಬಂದರೆ ರಸ್ತೆಯ ನೀರೆಲ್ಲ ಅಂಗಳದಲ್ಲಿ ಹರಿದು ನಮ್ಮ ಮೆಟ್ಟಿಲಿಗೇ ಬಂದು ನಿಲ್ಲುತ್ತಿತ್ತು. ಒಳಗೆ ಒಂದು ಪಡಸಾಲೆ, ಅದಕ್ಕೆ ಅಂಟಿಕೊಂಡು ಅಂಗಳದ ಕಡೆ ಕಿಟಕಿಯಿದ್ದ ಒಂದು ಸಣ್ಣ ಕೋಣೆ, ಆಚೆಗೆ ನಡುಮನೆ, ಅಡುಗೆಮನೆ, ಹಿಂದೆ ಬಚ್ಚಲು. ತಲೆಯ ಮೇಲೆ ಉದ್ದಕ್ಕೂ ಅಟ್ಟ. ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಸೀಮೆಯಲ್ಲಿ ಕಾಯಿಯನ್ನು ಒಡೆಯದೆ ಹಾಗೇ ಅಟ್ಟಕ್ಕೆ ಹಾಕಿ, ಒಳಗಿನ ನೀರೆಲ್ಲ ಇಂಗಿ ಕೊಬ್ಬರಿಯಾಗುವ ತನಕ ಬಿಡುತ್ತಾರೆ. ಅದಕ್ಕೆ ಕೆಳಗಿನಿಂದ ಹೊಗೆ ತಾಗುತ್ತಿರಬೇಕು. ಹಾಗಾಗಿ ನಮ್ಮ ಅಡುಗೆಮನೆಯ ಹೊಗೆ ಹೊರಕ್ಕೆ ಹೋಗಲು ದಾರಿ ಇರಲಿಲ್ಲ, ಮೇಲಕ್ಕೆ ಹೋಗಲು ಇತ್ತು. ಕಾಯಿಗೆ ಒಳ್ಳೆಯದಾಗಲಿ ಎಂದು ಅಮ್ಮ ಕೆಮ್ಮುತ್ತ ಮುದ್ದೆ ತೊಳಸುತ್ತಿದ್ದಳು. ಆ ಮನೆಯ ಲೆಕ್ಕದಲ್ಲಿ ಕಾಯಿ ಮೊದಲು, ಆಮೇಲೆ ಲಾರಿ, ಅದಾದ ಮೇಲೆ ಎಲ್ಲಾದರೂ ಜಾಗ ಉಳಿದರೆ ಮನುಷ್ಯರು.

ಲಾರಿ ಬಂದದ್ದು ನನಗೆ ಬುದ್ಧಿ ಬರುವ ಮುಂಚೆ. ಹಳೆಯ ಡೀಸೆಲ್ ಗಾಡಿ. ಅಪ್ಪನೇ ಓಡಿಸುತ್ತಿದ್ದ. ನಮ್ಮ ಕೊಬ್ಬರಿ, ಸುತ್ತಲಿನವರ ಕೊಬ್ಬರಿ, ಎಲ್ಲವನ್ನೂ ಹೇರಿಕೊಂಡು ಸಂತೆಯ ದಿನ ತಿಪಟೂರಿನ ಮಾರುಕಟ್ಟೆಗೆ ಹೋಗುತ್ತಿದ್ದ, ಮಿಕ್ಕ ದಿನ ಬಾಡಿಗೆಗೆ. ಅದರ ಹಣೆಯ ಮೇಲೆ ಮನೆದೇವರ ಹೆಸರು, ಒಳಗೆ ಸ್ಟೇರಿಂಗಿನ ಎದುರಿಗೆ ರಂಗನಾಥನ ಪಟ, ಪಟಕ್ಕೆ ದಿನವೂ ಹೂವು, ಊದುಬತ್ತಿ. ಸಂಜೆ ಬಂದವನು ರಸ್ತೆಯಿಂದ ನೇರವಾಗಿ ಅಂಗಳಕ್ಕೆ ಇಳಿಸಿ ಮೂತಿ ಮನೆಯ ಕಡೆಗಿರುವಂತೆ ನಿಲ್ಲಿಸುತ್ತಿದ್ದ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಹಿಂದಕ್ಕೆ ಹತ್ತಿಸಿಕೊಂಡು ಹೋಗುತ್ತಿದ್ದ. ನಾವು ಬಾಗಿಲು ತೆಗೆದರೆ ಎದುರಿಗೆ ಅದರ ಎರಡು ದೀಪ ನಮ್ಮನ್ನೇ ನೋಡುತ್ತಿದ್ದವು. ಎಷ್ಟೋ ವರ್ಷ ಹೀಗೇ ನಡೆದಿತ್ತು, ಚಳಿಗಾಲವೂ ಸೇರಿ. ಒಂದೆರಡು ಸಲ ಕೆಮ್ಮಿದರೂ ಗಾಡಿ ಎದ್ದೇ ಏಳುತ್ತಿತ್ತು. ಇದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ನಮ್ಮ ಮನೆಯಲ್ಲಿ ಯಾರಿಗೂ ಇದು ನೆನಪಿರಲಿಲ್ಲ.

ಆ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಅವಳನ್ನು ಕೊಟ್ಟಿದ್ದು ದಂಡಿನಶಿವರಕ್ಕೆ. ಭಾವ ಒಳ್ಳೆಯ ಮನುಷ್ಯ, ಆದರೆ ಅವರ ಮನೆಯಲ್ಲಿ ಹೆಣ್ಣುದಿಕ್ಕು ಅಂತ ಇದ್ದದ್ದು ಕಣ್ಣು ಕಾಣದ ಅತ್ತೆ ಒಬ್ಬರೇ. ಹಸು ಕಟ್ಟುವುದು, ನೀರು ಸೇದುವುದು, ಬೇಯಿಸುವುದು ಎಲ್ಲ ಅಕ್ಕನದೇ. ಆದ್ದರಿಂದ ಬಾಣಂತನ ಪೂರ್ತಿ ಇಲ್ಲೇ, ಮೂರು ತಿಂಗಳು ತುಂಬಿ ಬಾವಿಗೆ ಪೂಜೆ ಮಾಡಿ ನೀರು ಸೇದಿದ ಮೇಲೆಯೇ ಗಂಡನ ಮನೆಗೆ ಎಂದು ಮೊದಲೇ ಮಾತಾಗಿತ್ತು. ತುರುವೇಕೆರೆಯ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ಪಡಸಾಲೆಯ ಪಕ್ಕದ ಸಣ್ಣ ಕೋಣೆ ಬಾಣಂತಿ ಕೋಣೆಯಾಯಿತು. ಅಮ್ಮ ಕಿಟಕಿಗೆ ಗೋಣಿ ತಾಟು ಕಟ್ಟಿದಳು, ಮಂಚದ ಕೆಳಗೆ ಚಿಪ್ಪಿನ ಕೆಂಡದ ಮಡಕೆ ಇಟ್ಟಳು, ತನ್ನ ತವರಿನಿಂದ ಬಂದಿದ್ದ ಕರೀ ಕಂಬಳಿಯನ್ನು ಅಕ್ಕನಿಗೆ ಹೊದಿಸಿದಳು. ಬೆಳ್ಳುಳ್ಳಿ, ಕಾಳುಮೆಣಸಿನ ಸಾರಿನ ವಾಸನೆ, ಎಣ್ಣೆಯ ವಾಸನೆ, ಕೂಸಿನ ವಾಸನೆ ಎಲ್ಲ ಸೇರಿ ಆ ಕೋಣೆ ಮನೆಯಲ್ಲೇ ಬೆಚ್ಚನೆಯ ಜಾಗವಾಗಿತ್ತು. ನಾನು ಶಾಲೆಯಿಂದ ಬಂದವಳೇ ಅಲ್ಲಿಗೆ ನುಗ್ಗುತ್ತಿದ್ದೆ.

ಕೂಸು ಮನೆಗೆ ಬಂದ ಸಂಜೆಯೇ ಅಜ್ಜಿ, ಅಂದರೆ ಅಪ್ಪನ ತಾಯಿ, ಮೆಟ್ಟಿಲ ಮೇಲೆ ನಿಂತು ಲಾರಿಯನ್ನು ದಿಟ್ಟಿಸಿ ನೋಡಿದಳು.

"ಏ, ಪುರುಡಿನ ಮನೆ ಕಣ್ಲಾ ಇದು. ದೇವ್ರು ಪಟ ಇಟ್ಕಂಡು ಬಾಣಂತಿ ಕೋಣೆಗೇ ಮಕ ಕೊಟ್ಕಂಡು ನಿಲ್ಸಿದ್ದೀಯಲ್ಲ. ಬಾವಿ ಪೂಜೆ ಆಗಗಂಟ ಅದುನ್ನ ತಿರುಗ್ಸಿ ನಿಲ್ಸು."

ದೇವರ ಪಟವನ್ನು ತೆಗೆದು ಗೂಡಿನಲ್ಲಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಪಟವಿಲ್ಲದ ಗಾಡಿ ಓಡಿಸಲು ಅಪ್ಪನಿಗೆ ಧೈರ್ಯವಿಲ್ಲ. ಅವತ್ತಿನಿಂದ ಅವನು ಗಾಡಿಯನ್ನು ಹಿಂದುಹಿಂದಕ್ಕೆ ಅಂಗಳಕ್ಕೆ ಇಳಿಸತೊಡಗಿದ. ಅದರ ಮೂತಿ ರಸ್ತೆಯ ಕಡೆ, ಮೇಲಕ್ಕೆ. ಬೆನ್ನು ನಮ್ಮ ಕಡೆ. ಹೀಗೆ ಹುಟ್ಟಿ ನಾಲ್ಕು ದಿನವಾಗದ ಕೂಸಿನ ಮೈಲಿಗೆಯಿಂದ ದೇವರನ್ನು ಕಾಪಾಡಿದೆವು ಎಂದು ಮನೆಯವರೆಲ್ಲ ನೆಮ್ಮದಿಯಾಗಿ ಮಲಗಿದರು.

ಮಾರನೆಯ ಬೆಳಿಗ್ಗೆ ಲಾರಿ ಏಳಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಚಳಿಯೂ ಆಗಲೇ ಬಿಗಿದಿತ್ತು. ತೋಟದ ಮೇಲೆ ಬಿಳಿ ಇಬ್ಬನಿ ಕೂತು ಮರದ ತಲೆ ಕಾಣುತ್ತಿರಲಿಲ್ಲ. ಅಪ್ಪ ಮೊದಲು ಸೆಲ್ಫ್ ಹೊಡೆಯುತ್ತಿದ್ದ. ಇಂಜಿನ್ ತಿರುಗುತ್ತಿತ್ತು, ಹತ್ತುತ್ತಿರಲಿಲ್ಲ. ತಿರುಗಿ ತಿರುಗಿ ದನಿ ಸಣ್ಣದಾಗುತ್ತಿತ್ತು, ಬ್ಯಾಟರಿ ಕುಂದುತ್ತಿತ್ತು. ಆಮೇಲೆ ಬಿಸಿನೀರು. ಡೀಸೆಲ್ ಪಂಪಿನ ಮೇಲೆ, ಪೈಪಿನ ಮೇಲೆ, ಇಂಜಿನ್ನಿನ ಪಕ್ಕೆಗೆ, ಜಾತ್ರೆಯ ದೇವರಿಗೆ ಅಭಿಷೇಕ ಮಾಡಿದ ಹಾಗೆ ಬಿಂದಿಗೆ ಬಿಂದಿಗೆ ಹುಯ್ಯುತ್ತಿದ್ದ. ಅದಕ್ಕೂ ಬಗ್ಗದಿದ್ದರೆ ಕೋಲಿಗೆ ಬಟ್ಟೆ ಸುತ್ತಿ ಡೀಸೆಲ್‌ನಲ್ಲಿ ಅದ್ದಿ ಹೊತ್ತಿಸಿ, ಗಾಳಿ ಎಳೆಯುವ ಬಾಯಿಯ ಹತ್ತಿರ ಹಿಡಿದು, ಬಿಸಿಗಾಳಿ ಒಳಗೆ ಹೋಗಲಿ ಎಂದು ಅಜ್ಜಿಗೆ ಸೆಲ್ಫ್ ಒತ್ತಲು ಹೇಳುವುದು. ಅಜ್ಜಿ ಕಾಲು ಮಡಿಚಿಕೊಂಡು ಡ್ರೈವರ್ ಸೀಟಿನಲ್ಲಿ ಕೂತು ರಂಗನಾಥನಿಗೆ ಕೈ ಮುಗಿದು ಒತ್ತುತ್ತಿದ್ದಳು. ಕೊನೆಗೆ ಸ್ಪಾನರ್ ಹಿಡಿದು ಫಿಲ್ಟರಿನ ತಲೆಯ ನಟ್ಟು ಸಡಿಲಿಸಿ, ಕೈಪಂಪು ಒತ್ತಿ ಒತ್ತಿ ಒಳಗೆ ಸೇರಿಕೊಂಡ ಗಾಳಿ ಬಿಡಿಸುತ್ತಿದ್ದ. ಬುಸ್ ಬುಸ್ ಎಂದು ನೊರೆ ಬರುತ್ತಿತ್ತು. ನೊರೆ ನಿಂತು ಬರೀ ಡೀಸೆಲ್ ಬರುವ ಹೊತ್ತಿಗೆ ಬ್ಯಾಟರಿ ಪ್ರಾಣ ಬಿಟ್ಟಿರುತ್ತಿತ್ತು. ದಬ್ಬಿ ಸ್ಟಾರ್ಟ್ ಮಾಡೋಣವೆಂದರೆ ಮೂತಿ ಏರಿನ ಕಡೆಗೆ. ಏರಿಗೆ ಲಾರಿ ದಬ್ಬುವವರು ಯಾರು? ಪಕ್ಕದ ತೋಟದವರ ಟ್ರ್ಯಾಕ್ಟರ್ ಬಂದು ಸರಪಳಿ ಹಾಕಿ ರಸ್ತೆಗೆ ಎಳೆಯುವಷ್ಟರಲ್ಲಿ ಬಿಸಿಲು ಏರಿ, ಸಂತೆಯ ಹೊತ್ತು ಮೀರಿರುತ್ತಿತ್ತು.

ದಿನವೂ ಗಾಳಿ ಬರುತ್ತಿದೆ, ಸರಿ, ಅದು ಎಲ್ಲಿಂದ ಬರುತ್ತಿದೆ ಎಂದು ಯಾರೂ ಕೇಳಲಿಲ್ಲ. ತಿಪಟೂರಿನಿಂದ ಮೆಕ್ಯಾನಿಕ್ ರಾಜಣ್ಣನನ್ನು ಕರೆಸಿದರು. ಆತ ಬರುತ್ತಿದ್ದದ್ದು ಮಧ್ಯಾಹ್ನದ ಊಟದ ಹೊತ್ತಿಗೆ. ಅಷ್ಟರಲ್ಲಿ ಗಾಡಿ ಒಮ್ಮೆ ಓಡಾಡಿ ಬಿಸಿಯಾಗಿ ನಿಂತಿರುತ್ತಿತ್ತು. ಆತ ಸೆಲ್ಫ್ ಮುಟ್ಟಿದರೆ ಸಾಕು, ಗುಡುಗುಡು ಎಂದು ಎದ್ದು ಕೂರುತ್ತಿತ್ತು.

"ಗಾಡಿ ಚೆನ್ನಾಗೈತೆ ಕಣ್ರೀ. ಬ್ಯಾಟ್ರಿ ವೀಕು" ಎಂದ ಮೊದಲ ಸಲ. ಬ್ಯಾಟರಿ ಬದಲಾಯಿತು. ಎರಡನೇ ಸಲ ಡೀಸೆಲ್ ಕಲಬೆರಕೆ ಎಂದ. ಟ್ಯಾಂಕು ಬರಿದು ಮಾಡಿ ತೊಳೆದರು. ಮೂರನೇ ಸಲ ನಮ್ಮ ಮನೆಯ ಕೋಳಿಸಾರು ಉಂಡು, ಕೈ ತೊಳೆದು, ತಲೆ ಕೆರೆದುಕೊಂಡು ಹೇಳಿದ:

"ಗಾಡೀಲಿ ಏನೂ ಇಲ್ಲ. ಮನೇಲಿ ಏನಾದ್ರೂ ಐತಾ ನೋಡ್ಕಳಿ."

ಆ ಬಾಯಿಗೆ ಬೀಗ ಹಾಕುವವರು ಯಾರೂ ಇರಲಿಲ್ಲ. ತನಗೆ ಗೊತ್ತಾಗದ್ದಕ್ಕೆ ಅವನು ನಮ್ಮ ಮನೆಯ ಮೇಲೆ ಕೈ ತೋರಿಸಿ ಸ್ಕೂಟರ್ ಹತ್ತಿ ಹೋದ. ಅಜ್ಜಿ ಅದನ್ನೇ ಕಾಯುತ್ತಿದ್ದಳು. ಅವತ್ತು ಸಂಜೆ ಪಡಸಾಲೆಯಲ್ಲಿ ಕಾಯಿ ಸುಲಿಯುವವರ ಮುಂದೆ, ಬಾಣಂತಿ ಕೋಣೆಯ ಬಾಗಿಲು ಅರ್ಧ ತೆಗೆದೇ ಇದೆ ಎಂದು ಗೊತ್ತಿದ್ದೂ, ಎಲೆಯಡಿಕೆ ಹಾಕಿಕೊಳ್ಳುತ್ತ ಹೇಳಿದಳು:

"ನಾನ್ಯಾಕೆ ಹೇಳ್ಲಿ. ಕೂಸಿನ ಕಾಲ್ಗುಣ. ಅದು ಹೊಸ್ಲು ದಾಟಿದ್ ದಿನ್ವೇ ಗಾಡಿ ಕೂತಿದ್ದು, ಇನ್ನೂ ಎದ್ದಿಲ್ಲ."

ಕಾಲ್ಗುಣ! ಆ ಕೂಸಿಗೆ ಇನ್ನೂ ಕಾಲು ನೆಟ್ಟಗೆ ಚಾಚಲು ಬರುತ್ತಿರಲಿಲ್ಲ. ನನ್ನ ಹೆಬ್ಬೆರಳಿನಷ್ಟು ಅಗಲದ ಪಾದ. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು ನಾನು ಎಷ್ಟೋ ಹೊತ್ತು ಕೂರುತ್ತಿದ್ದೆ. ಅಂಥ ಪಾದ ಅಷ್ಟು ದೊಡ್ಡ ಲಾರಿಯನ್ನು ಹಿಡಿದು ನಿಲ್ಲಿಸಿದೆ ಎಂದು ಮೀಸೆ ಬಂದ ಗಂಡಸರು ತಲೆಯಾಡಿಸಿದರು. ಅಕ್ಕ ಒಳಗೆ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದಳು, ಆದರೆ ಕೂಸಿನ ಬೆನ್ನ ಮೇಲಿದ್ದ ಅವಳ ಕೈ ಮಾತ್ರ ತಟ್ಟುತ್ತಲೇ ಇತ್ತು. ಹುಣಸೆ ಬರಲು ತೆಗೆದುಕೊಂಡು ಅಜ್ಜಿಗೆ ಎರಡು ಬಿಡಬೇಕು ಅನ್ನುವಷ್ಟು ಸಿಟ್ಟು ನನಗೆ. ಚಿಕ್ಕವಳು, ಸುಮ್ಮನೆ ಕೂತೆ. ಸಿಟ್ಟು ಮಾತ್ರ ಇನ್ನೂ ಇದೆ.

ಆಮೇಲೆ ಒಂದೊಂದೇ ಶುರುವಾಯಿತು. ಬೆಳಗಿನ ಬಿಸಿನೀರು ಪೂರಾ ಲಾರಿಗೆ ಹೋಗಿ, ಅಕ್ಕನ ಎಣ್ಣೆನೀರು ಮಧ್ಯಾಹ್ನಕ್ಕೆ ಬಿತ್ತು. ಹಸಿ ಮೈಯ ಬಾಣಂತಿ ಎಣ್ಣೆ ಹಚ್ಚಿಕೊಂಡು ನಡುಗುತ್ತ ಎರಡನೇ ಹಂಡೆ ಕಾಯುವುದನ್ನೇ ನೋಡುತ್ತ ಕೂರಬೇಕು. ಒಂದು ಬೆಳಿಗ್ಗೆ ಅಪ್ಪ ಕೋಣೆಯೊಳಗೆ ಬಂದು ಮಂಚದ ಕೆಳಗಿನ ಕೆಂಡದ ಮಡಕೆಯನ್ನೇ ಎತ್ತಿಕೊಂಡು ಹೋಗಿ ಇಂಜಿನ್ನಿನ ಅಡಿಗೆ ಇಟ್ಟ. ಅದರ ಹಿಂದಿನ ಸಂಜೆ ಕಂಬಳಿ ಹೋಗಿತ್ತು. ಅಮ್ಮನ ತವರಿನ ಕರೀ ಕಂಬಳಿ ಲಾರಿಯ ಬಾನೆಟ್ಟಿನ ಮೇಲೆ ಹೊದಿಕೆಯಾಗಿ ಬಿದ್ದಿತ್ತು, ಅಕ್ಕ ಎರಡು ಸೀರೆ ಒಟ್ಟು ಮಾಡಿ ಹೊದ್ದುಕೊಂಡಿದ್ದಳು. ಅಮ್ಮ ಕೇಳಿದ್ದಕ್ಕೆ ಅಪ್ಪ ಹೇಳಿದ ಮಾತು ನನ್ನ ಕಿವಿಯಲ್ಲಿ ಈಗಲೂ ಇದೆ.

"ಗಾಡಿ ಓಡಿದ್ರೆ ತಾನೇ ಕಣೇ ನಿನ್ ಮಗ್ಳಿಗೆ ಬೆಳ್ಳುಳ್ಳಿ, ತುಪ್ಪ? ಗಾಡಿ ಮೊದ್ಲು ಬೆಚ್ಗಿರ್ಲಿ."

ನಿನ್ನ ಮಗಳು. ಅಲ್ಲಿಯ ತನಕ ನಮ್ಮ ಹುಡುಗಿ ಆಗಿದ್ದವಳು ಗಾಡಿ ಕೆಟ್ಟ ಕೂಡಲೇ ಅಮ್ಮನ ಮಗಳಾದಳು.

ಅಪ್ಪ ಕೆಟ್ಟವನೆಂದು ನಾನು ಹೇಳುತ್ತಿಲ್ಲ. ತೋಟದಲ್ಲಿ ಗರಿ ಬಿದ್ದು ಕರುವಿಗೆ ಏಟಾದರೆ ಅನ್ನ ಬಿಡುವಂಥ ಮನುಷ್ಯ. ಆದರೆ ಆ ಲಾರಿಯ ವಿಷಯಕ್ಕೆ ಬಂದರೆ ಅವನ ಬುದ್ಧಿ ಎಲ್ಲಿಗೆ ಹೋಗುತ್ತಿತ್ತೋ. ಒಂದು ಸಂಜೆ ಅವನು ಗಾಡಿಯನ್ನು ಮನೆಗೆ ತರದೆ ನಮ್ಮ ತೋಟದ ಕಣದಲ್ಲಿ ನಿಲ್ಲಿಸಿ, ಒಳಗೇ ಮಲಗಿದ. ಕಣ ಅಂದರೆ ರಾಗಿ ಬಡಿಯುವ ಚಪ್ಪಟೆ ನೆಲ, ಎಲ್ಲೂ ಏರಿಲ್ಲ ಇಳಿಜಾರಿಲ್ಲ. ಬೆಳಿಗ್ಗೆ ಅಷ್ಟೇ ಚಳಿ, ಅಷ್ಟೇ ಇಬ್ಬನಿ, ಆದರೂ ಗಾಡಿ ಬಿಸಿನೀರಿಲ್ಲದೆ ಎದ್ದಿತು. ಅವನು ಹಾರನ್ ಹೊಡೆದುಕೊಂಡು ಬಂದು ರಸ್ತೆಯಲ್ಲೇ ನಿಲ್ಲಿಸಿದ. ಇಳಿದವನ ಮುಖದಲ್ಲಿ ಗೆದ್ದ ಕಳೆ.

"ನೋಡ್ದಾ ಅವ್ವ? ಮನೆಯಿಂದ ದೂರ ಇದ್ರೆ ಆಯ್ತದೆ. ಮನೇಲೇ ಐತೆ ದೋಷ."

ಕಣ್ಣೆದುರಿಗೆ ಉತ್ತರ ಬಂದು ನಿಂತರೂ ಅದನ್ನು ಹೇಗೆ ತಲೆಕೆಳಗು ಮಾಡಿ ಓದಬಹುದು ಎಂದು ನಾನು ಕಲಿತದ್ದು ಅವತ್ತು. ಮಧ್ಯಾಹ್ನವೇ ಅಪ್ಪ ದಂಡಿನಶಿವರಕ್ಕೆ ಹೇಳಿ ಕಳಿಸಿದ, ನಾಳಿದ್ದು ಬೆಳಿಗ್ಗೆ ಬಂದು ಹೆಂಡತಿ ಮಗೂನ ಕರೆದುಕೊಂಡು ಹೋಗಲಿ ಎಂದು. ಕೂಸಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ಅಕ್ಕನಿಗೆ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಅಲ್ಲಿ ಹೋದ ಮಾರನೆಯ ದಿನವೇ ಅವಳು ಬಾವಿಯ ಹಗ್ಗ ಹಿಡಿಯಬೇಕು, ಸಗಣಿ ಬಾಚಬೇಕು ಎಂದು ಅಪ್ಪನಿಗೂ ಗೊತ್ತು, ಅಜ್ಜಿಗೂ ಗೊತ್ತು. ಅಜ್ಜಿ ತಾನು ಹೆತ್ತಾಗ ಮೂರು ತಿಂಗಳು ಮಂಚ ಇಳಿದವಳಲ್ಲ. ಅದನ್ನು ಹೆಮ್ಮೆಯಿಂದ ಸಾವಿರ ಸಲ ಹೇಳಿದ್ದಳು.

ಅಮ್ಮ ಆ ಮಾತು ಕೇಳಿದಾಗ ಮುದ್ದೆ ತೊಳಸುತ್ತಿದ್ದಳು. ತೊಳಸುವ ಕೋಲನ್ನು ಗಡಿಗೆಯಲ್ಲೇ ಬಿಟ್ಟು ಎದ್ದು ಪಡಸಾಲೆಗೆ ಬಂದಳು. ಗಂಡಸರು ಕೂತ ಪಡಸಾಲೆಗೆ ಅಮ್ಮ ಮುಸುರೆ ಕೈಯಲ್ಲಿ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಕೂಸು ಬಂದಿದ್ ದಿನ್ವೇ ಗಾಡಿ ಕೂತಿದ್ದು ಅಂತೀರಲ್ಲ, ಹೌದಾ?"

"ಹೂಂ ಮತ್ತೆ" ಎಂದಳು ಅಜ್ಜಿ.

"ಅವತ್ತೇ ಅಲ್ವಾ ನೀವು ಗಾಡೀನ ಹಿಂದು ಮುಂದು ಮಾಡಿ ನಿಲ್ಸಿದ್ದು?"

ಅಪ್ಪ ತಲೆಯೆತ್ತಿದ.

"ಅದುಕ್ಕೂ ಇದುಕ್ಕೂ ಏನೇ ಸಂಬಂಧ?"

"ನಂಗೇನ್ ಗೊತ್ತು. ನಾನೇನ್ ಡ್ರೈವರ್ರಾ? ಅವತ್ತು ಬದ್ಲಾಗಿದ್ದು ಎರ್ಡು. ಒಂದು ಕೂಸು ಒಳುಕ್ ಬಂತು, ಇನ್ನೊಂದು ಗಾಡಿ ಮಕ ಆಚೆಗಾಯ್ತು. ಕೂಸ್ನ ಆಚೆಗಾಕಿ ನೋಡೋ ಮುಂಚೆ ಗಾಡಿ ಮಕ ಈಚೆಗ್ ತಿರುಗ್ಸಿ ನೋಡಿ. ಕಬ್ಬುಣುಕ್ಕೆ ಚಳಿ ಆಯ್ತದೆ ಅಂತೀರಿ, ತಿರುಗ್ಸುದ್ರೆ ನೋವಾಯ್ತದಾ?"

"ದೇವ್ರು ಪಟ ಐತೆ ಕಣಮ್ಮಿ ಅದ್ರಲ್ಲಿ" ಎಂದು ಅಜ್ಜಿ ಗದರಿದಳು.

"ದೇವ್ರುಗೆ ಬಾಣಂತಿ ನೋಡಿ ಅಸಹ್ಯ ಆಗೋದಾದ್ರೆ ಪಟುಕ್ಕೆ ಬಟ್ಟೆ ಮುಚ್ಚಿ. ನಾಳೆ ಸಂಜೆ ತಿರುಗ್ಸಿ ನಿಲ್ಸಿ. ನಾಳಿದ್ದು ಬೆಳಿಗ್ಗೆ ಏಳ್ಲಿಲ್ಲ ಅಂದ್ರೆ ನನ್ ಮಗ್ಳ ಜೊತೆ ನಾನೂ ಹೋಯ್ತೀನಿ. ಅಲ್ಲೇ ಬಾಣಂತನ ಮಾಡ್ತೀನಿ."

ಬೀಗರ ಮನೆಯಲ್ಲಿ ಕೂತು ಮಗಳ ಬಾಣಂತನ ಮಾಡುವುದೆಂದರೆ ನಮ್ಮ ಕಡೆ ತವರಿಗೇ ಮಸಿ ಬಳಿದ ಹಾಗೆ. ತವರಿನವರಿಗೆ ಬಾಣಂತಿಗೆ ಒಂದು ಮುದ್ದೆ ಹಾಕುವ ಯೋಗ್ಯತೆಯಿಲ್ಲ ಎಂದು ಊರೆಲ್ಲ ಆಡಿಕೊಳ್ಳುತ್ತದೆ. ಅಪ್ಪ ಮುಖ ಸಿಂಡರಿಸಿದ. ಮಗಳು ಹಸಿ ಮೈಯಲ್ಲಿ ನೀರು ಸೇದುತ್ತಾಳೆ ಎನ್ನುವುದು ಅವನನ್ನು ಅಲುಗಿಸಿರಲಿಲ್ಲ, ಊರು ಆಡಿಕೊಳ್ಳುತ್ತದೆ ಎನ್ನುವುದು ಅಲುಗಿಸಿತು. ಹಾಳಾಗಿ ಹೋಗು, ತಿರುಗಿಸ್ತೀನಿ ಎಂದು ಎದ್ದು ತೋಟಕ್ಕೆ ಹೋದ. ಅಜ್ಜಿ ಅವತ್ತು ಊಟಕ್ಕೆ ಏಳಲಿಲ್ಲ. ನಾನು ಅವಳ ಪಾಲಿನ ಮುದ್ದೆಯನ್ನೂ ಸಂತೋಷವಾಗಿ ಉಂಡೆ.

ಮಾರನೆಯ ಸಂಜೆ ಅಪ್ಪ ರಸ್ತೆಯಿಂದ ಗಾಡಿಯನ್ನು ಮೊದಲಿನ ಹಾಗೆ ಮೂತಿ ಕೆಳಗೆ ಮಾಡಿ ಇಳಿಸಿದ. ಅಜ್ಜಿ ಪಟಕ್ಕೆ ಹಳೆಯ ಶಲ್ಯ ಹೊದಿಸಿ ಹರಕೆ ಕಟ್ಟಿಕೊಂಡಳು. ತುಂಬ ದಿನದ ಮೇಲೆ ಬಾಗಿಲು ತೆಗೆದರೆ ಎದುರಿಗೆ ಆ ಎರಡು ದೀಪ. ನನಗೆ ಮನೆಗೆ ಯಾರೋ ಕೋಪ ಬಿಟ್ಟು ವಾಪಸ್ಸು ಬಂದ ಹಾಗಾಯಿತು. ಕೋಣೆಯಲ್ಲಿ ಅಕ್ಕ ಕೂಸಿನ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ಬುಟ್ಟಿಗೆ ತುಂಬುತ್ತಿದ್ದಳು.

"ಯಾಕಕ್ಕ ತುಂಬ್ತೀಯ? ನಾಳೆ ಸ್ಟಾರ್ಟ್ ಆಯ್ತದೆ ನೋಡ್ತಿರು" ಎಂದೆ.

ಅಕ್ಕ ನನ್ನನ್ನು ನೋಡಿದಳು, ಮಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ನನಗೆ ಅದು ಅರ್ಥವಾಗಲಿಲ್ಲ. ಲಾರಿ ಎದ್ದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೆ, ಏಕೆಂದರೆ ಆ ಮನೆಯಲ್ಲಿ ಬೆಳೆದವರಿಗೆ ನಂಬಲು ಬೇರೆ ಏನನ್ನೂ ಯಾರೂ ಕಲಿಸಿರಲಿಲ್ಲ.

ಬೆಳಿಗ್ಗೆ ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರೂ ಮೆಟ್ಟಿಲ ಮೇಲೆ ನಿಂತಿದ್ದೆವು. ಇಬ್ಬನಿ ದಟ್ಟವಾಗಿ ಗಾಡಿಯ ಬೆನ್ನು ಕಾಣುತ್ತಿರಲಿಲ್ಲ. ಮೊದಲ ಬಸ್ಸಿಗೆ ಬಂದ ಭಾವ ಕಿವಿಗೆ ಮಫ್ಲರ್ ಸುತ್ತಿಕೊಂಡು ಒಂದು ಪಕ್ಕಕ್ಕೆ ನಿಂತಿದ್ದ. ಅಮ್ಮ ಅವತ್ತು ಲಾರಿಗೆಂದು ನೀರು ಕಾಯಿಸಿರಲಿಲ್ಲ. ಅಪ್ಪ ಹತ್ತಿ ಕೂತು ಸೆಲ್ಫ್ ಒತ್ತಿದ. ಗಾಡಿ ಒಮ್ಮೆ ಮುಲುಗಿ, ಒಮ್ಮೆ ಕೆಮ್ಮಿ, ಬಿಳೀ ಹೊಗೆ ಉಗುಳಿ, ಎದ್ದೇಬಿಟ್ಟಿತು. ಕಿಟಕಿಯ ಗೋಣಿ ತಾಟು ನಡುಗಿತು, ಅಟ್ಟದ ಕಾಯಿಗಳು ಲೊಡಲೊಡ ಸದ್ದು ಮಾಡಿದವು. ನಾನು ಕುಣಿದೆ. ಅಪ್ಪ ನಗುತ್ತ ಕೆಳಗೆ ಧುಮುಕಿ, ಇಂಜಿನ್ ಓಡುತ್ತಿರುವಾಗಲೇ ಸುತ್ತ ಒಂದು ಸುತ್ತು ಬಂದ. ಆ ವಾರದ ಕೊನೆಗೆ ರಾಜಣ್ಣ ಬಂದು, ಟ್ಯಾಂಕಿನಿಂದ ಬರುವ ಪೈಪಿನ ಜಾಯಿಂಟಿನಲ್ಲಿ ಒಂದು ವಾಷರ್ ಚಳಿಗೆ ಕುಗ್ಗಿ ಸಂದಿ ಬಿಟ್ಟಿದೆ ಎಂದು ಕಂಡುಹಿಡಿದ. ಮೂತಿ ಮೇಲಾಗಿ ನಿಂತರೆ ಬೆಳಗಾಗುವಷ್ಟರಲ್ಲಿ ಡೀಸೆಲ್ ಎಲ್ಲ ಹಿಂದಕ್ಕೆ ಟ್ಯಾಂಕಿಗೆ ಜಾರಿ, ಆ ಸಂದಿಯಿಂದ ಗಾಳಿ ಸೇರಿಕೊಳ್ಳುತ್ತಿತ್ತು. ಮೂತಿ ಕೆಳಗಿದ್ದರೆ ಡೀಸೆಲ್ ತಾನೇ ಇಂಜಿನ್ನಿನ ಕಡೆ ನಿಂತಿರುತ್ತಿತ್ತು. ಇಷ್ಟೇ. ಉಗುರಿನಷ್ಟು ಅಗಲದ ವಾಷರ್. ಮನೆಯಲ್ಲೇನಾದರೂ ಇದೆಯಾ ನೋಡಿ ಎಂದಿದ್ದ ಆ ಮಹಾನುಭಾವ ಈ ಸಲವೂ ಊಟ ಮಾಡಿಕೊಂಡೇ ಹೋದ. ಅಪ್ಪ, ಅಜ್ಜಿ ಇಬ್ಬರೂ ಕಡೆಯ ತನಕ ಅದು ಶಲ್ಯ ಹೊದಿಸಿ ಹರಕೆ ಕಟ್ಟಿದ್ದರಿಂದ ಎದ್ದದ್ದು ಎಂದೇ ಹೇಳುತ್ತಿದ್ದರು.

ಆದರೆ ಅವತ್ತು ಬೆಳಿಗ್ಗೆ ನಾನಿನ್ನೂ ಕುಣಿಯುತ್ತಿರುವಾಗಲೇ ಅಕ್ಕ ಬಾಗಿಲಿಗೆ ಬಂದಳು. ತಲೆಗೆ ಬಟ್ಟೆ ಕಟ್ಟಿ, ಕೂಸನ್ನು ಎದೆಗೆ ಸುತ್ತಿಕೊಂಡು, ಚಪ್ಪಲಿ ಮೆಟ್ಟಿದ್ದಳು. ಅಪ್ಪ ಅವಳನ್ನು ನೋಡಿ ಕೈಯಾಡಿಸಿದ.

"ಎದ್ದೈತೆ ಬುಡವ್ವ! ಒಳುಕ್ ನಡಿ, ಗಾಳಿಗ್ ನಿಂತ್ಕಬೇಡ. ಏ ಅಳಿಯಂದ್ರೆ, ತಿಂಡಿ ತಿನ್ಕಂಡು ಹೊರಡಿ, ಅವ್ಳು ಇಲ್ಲೇ ಇರ್ಲಿ."

ಅಕ್ಕ ಮೆಟ್ಟಿಲಿಳಿದು ಅವನ ಹತ್ತಿರಕ್ಕೇ ಹೋದಳು. ಲಾರಿಯ ಸದ್ದಿಗೆ ಗಟ್ಟಿಯಾಗಿ ಕೂಗಿಯೇ ಕೇಳಬೇಕಾಯಿತು.

"ನಾಳೆ ಏಳ್ದಿದ್ರೆ?"

"ಏನು?"

"ನಾಳೆ ಗಾಡಿ ಏಳ್ದಿದ್ರೆ ನನ್ ಕೂಸು ಎಲ್ಲಿಗೋಗ್ಬೇಕು, ಅಪ್ಪ?"

ಅಪ್ಪ ಲಾರಿಯ ಕಡೆ ತಿರುಗಿದ. ಕೈಯಲ್ಲಿದ್ದ ಎಣ್ಣೆ ಬಟ್ಟೆಯಿಂದ ದೀಪದ ಗಾಜು ಒರೆಸಿದ. ಅಕ್ಕ ಕೂಸಿನ ತಲೆಯ ಬಟ್ಟೆ ಸರಿಮಾಡಿದಳು. ನನಗೆ ಆಗ ಅವಳು ಹಿಂದಿನ ಸಂಜೆ ಬಟ್ಟೆ ಮಡಿಸುವುದನ್ನು ಯಾಕೆ ನಿಲ್ಲಿಸಲಿಲ್ಲ ಎಂದು ತಿಳಿಯಿತು. ಅವಳಿಗೆ ಲಾರಿ ಏಳುತ್ತದೋ ಇಲ್ಲವೋ ಎನ್ನುವುದು ಮುಖ್ಯವೇ ಆಗಿರಲಿಲ್ಲ. ಅದರ ಮೇಲೆ ತನ್ನ ಕೂಸನ್ನು ಪಣಕ್ಕಿಟ್ಟ ಮನೆಯಲ್ಲಿ ಇನ್ನೊಂದು ಹೊತ್ತು ಉಣ್ಣುವುದು ಅವಳಿಗೆ ಬೇಕಿರಲಿಲ್ಲ. ಅವಳು ತಿರುಗಿ ಏರು ಹತ್ತತೊಡಗಿದಳು. ಭಾವ ಗಾಬರಿಯಾಗಿ ಬುಟ್ಟಿ ಎತ್ತಿಕೊಂಡು ಹಿಂದೆ ಓಡಿದ.

ಅಮ್ಮ ಒಳಗೆ ಹೋದಳು. ಒಲೆ ನೋಡಲಿಕ್ಕೆ ಹೋಗಿರಬೇಕು, ಅಳಲಿಕ್ಕೆ ಹೋಗಿರಬೇಕು ಎಂದೆಲ್ಲ ನಾನು ಅಂದುಕೊಳ್ಳುವಷ್ಟರಲ್ಲಿ ಎರಡು ಸೀರೆ, ಒಂದು ಎಣ್ಣೆ ಸೀಸೆ, ಬೆಳ್ಳುಳ್ಳಿಯ ಗಂಟು ಬಗಲಿಗೆ ಹಾಕಿಕೊಂಡು ಈಚೆ ಬಂದಳು. ಅಜ್ಜಿ ಬಾಗಿಲಿಗೆ ಅಡ್ಡ ನಿಂತು ಗಾಡಿ ಎದ್ದಿದೆಯಲ್ಲೇ, ನೀನ್ಯಾಕೆ ಹೋಗಬೇಕು ಎಂದು ಅರಚಿದಳು. ಅಮ್ಮ ಅವಳನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. ನನ್ನ ತಲೆ ಸವರಿ, ಒಲೆ ಮೇಲೆ ಹಾಲಿದೆ, ಉಕ್ಕುತ್ತದೆ ನೋಡಿಕೋ, ಶಾಲೆ ತಪ್ಪಿಸಬೇಡ ಎಂದಳು. ಆಮೇಲೆ ಲಾರಿಯ ಆ ಕಡೆ ನಿಂತಿದ್ದ ಅಪ್ಪನನ್ನು ನೋಡಿ ನಿಧಾನವಾಗಿ, ದನಿ ಏರಿಸದೆ ಹೇಳಿದಳು:

"ಬಾವಿ ಪೂಜೆ ಆಗಗಂಟ ಬರಲ್ಲ. ಆಮೇಲೂ ನೀವೇ ಬಂದು, ಕೂಸ್ನ ನಿಮ್ ಕೈಯಾರೆ ಎತ್ಕಂಡು ಕರುದ್ರೆ ಬತ್ತೀನಿ. ಇಲ್ದಿದ್ರೆ ಇಲ್ಲ."

ನಾನು ಅಮ್ಮನ ಸೆರಗು ಹಿಡಿದುಕೊಂಡಿದ್ದೆ, ನನಗೆ ಒಂದೊಂದು ಮಾತೂ ಕೇಳಿಸಿತು. ಅಪ್ಪನಿಗೆ ಕೇಳಿಸಲಿಲ್ಲ. ಅವನಿಗೂ ಅಮ್ಮನಿಗೂ ನಡುವೆ ಇಂಜಿನ್ ಒದರುತ್ತಿತ್ತು. ಅವನು ಕಿವಿಗೆ ಕೈ ಹಿಡಿದು ಏನೇ, ಏನಂದೆ ಎಂದು ಕೂಗಿದ. ಅಮ್ಮ ಎರಡನೇ ಸಲ ಹೇಳಲಿಲ್ಲ. ಸೆರಗು ನನ್ನ ಕೈಯಿಂದ ಬಿಡಿಸಿಕೊಂಡು, ಗಂಟು ಸರಿಮಾಡಿಕೊಂಡು, ಏರು ಹತ್ತಿ ಇಬ್ಬನಿಯೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ರಸ್ತೆಯಲ್ಲಿ ಬಸ್ಸು ನಿಂತ ಸದ್ದು ಕೇಳಿತು, ಹೊರಟ ಸದ್ದೂ ಕೇಳಿತು.

ಅಪ್ಪ ಲಾರಿ ಸುತ್ತಿಕೊಂಡು ಬಂದು, ಬಗ್ಗಿ ನನ್ನ ಮುಖದ ಹತ್ತಿರ ಮುಖ ತಂದ.

"ಏನಂದ್ಲೇ ನಿಮ್ಮಮ್ಮ?"

"ಇಂಜಿನ್ ಆಫ್ ಮಾಡು, ಹೇಳ್ತೀನಿ" ಎಂದೆ.

ಅವನು ನನ್ನನ್ನು ನೋಡಿದ, ರಸ್ತೆಯ ಕಡೆ ನೋಡಿದ, ಗುಡುಗುಡು ಎನ್ನುತ್ತಿದ್ದ ಲಾರಿಯನ್ನು ನೋಡಿದ. ಆಫ್ ಮಾಡಿದರೆ ಮತ್ತೆ ಏಳುತ್ತದೋ ಇಲ್ಲವೋ. ಹತ್ತಿ ಕೂತು, ಬಾಗಿಲು ಎಳೆದುಕೊಂಡು, ರಿವರ್ಸ್ ಗೇರ್ ಹಾಕಿ ಹೊರಟುಹೋದ.